ಉಲ್ಕೆ ಕಣ್ಣಿಗೂ ಬೀಳ್ತಿಲ್ಲ, ಕ್ಯಾಮೆರಾಗೂ ಸಿಗ್ತಿಲ್ಲ: ತೊಂದರೆ ಎಲ್ಲಿದೆ ಎಂದು ಹುಡುಕುವುದು ಹೇಗೆ?

ಪ್ರತಿ ಡಿಸೆಂಬರ್‌ನಲ್ಲೂ ಜೆಮಿನಿಡ್ ಉಲ್ಕಾಪಾತ ಮುಗಿದ ಮರುದಿನ ಒಂದೇ ಥರದ ಮಾತು ಕೇಳಿಬರುತ್ತದೆ. "ಗಂಟೆಗೆ 150 ಅಂದಿದ್ರು, ನಾಲ್ಕೂ ಕಾಣಲಿಲ್ಲ." "ರಾತ್ರಿಯೆಲ್ಲಾ ಕ್ಯಾಮೆರಾ ಇಟ್ಟಿದ್ದೆ, ಒಂದು ಗೆರೆಯೂ ಬಂದಿಲ್ಲ. ಹೊಸ ಲೆನ್ಸ್ ತಗೋಬೇಕೇನೋ." ಲೆನ್ಸ್ ಬದಲಾಯಿಸಲೇಬೇಕಾದ ಪ್ರಸಂಗ ತೀರಾ ಕಡಿಮೆ. ಗಡಿಯಾರ, ಚಂದ್ರ, ದಿಕ್ಕು ಈ ಮೂರನ್ನು ಸರಿಯಾಗಿ ನೋಡಿಕೊಂಡರೆ ಅರ್ಧಕ್ಕಿಂತ ಜಾಸ್ತಿ ದೂರುಗಳು ಅಲ್ಲೇ ಮುಗಿಯುತ್ತವೆ. ಹಾಗಾಗಿ ಇಲ್ಲಿ ಖರ್ಚಿಲ್ಲದ ತಪಾಸಣೆ ಮೊದಲು, ದುಡ್ಡು ಬೇಡುವುದು ಆಮೇಲೆ. ಸಮಯ ಮತ್ತು ಎತ್ತರದ ಲೆಕ್ಕವೆಲ್ಲ ಮೈಸೂರು, ಮಂಡ್ಯದ್ದು.

## "ಅರ್ಧ ಗಂಟೆ ನೋಡಿದೆ, ಒಂದೂ ಬೀಳಲಿಲ್ಲ"

ಮೊದಲು ಎಷ್ಟು ಹೊತ್ತಿಗೆ ನೋಡಿದಿರಿ ಎನ್ನುವುದನ್ನು ನೋಡಿ. ಜೆಮಿನಿಡ್ ಉಲ್ಕೆಗಳು ಮಿಥುನ ರಾಶಿಯ ಕ್ಯಾಸ್ಟರ್ ನಕ್ಷತ್ರದ ಹತ್ತಿರದ ಒಂದು ಬಿಂದುವಿನಿಂದ ಚಿಮ್ಮಿದಂತೆ ಕಾಣುತ್ತವೆ. ಡಿಸೆಂಬರ್ 14ರ ಆಸುಪಾಸಿನಲ್ಲಿ ಆ ಬಿಂದು ನಮ್ಮಲ್ಲಿ ಹುಟ್ಟುವುದೇ ರಾತ್ರಿ ಪೌಣೇ ಎಂಟರ ಸುಮಾರಿಗೆ, ಈಶಾನ್ಯದಲ್ಲಿ. ಹತ್ತು ಗಂಟೆಗೆ ಅದರ ಎತ್ತರ 27 ಡಿಗ್ರಿ, ಹನ್ನೆರಡಕ್ಕೆ 52. ಎರಡೂಕಾಲರ ಹೊತ್ತಿಗೆ 69 ಡಿಗ್ರಿಗೆ ಏರಿರುತ್ತದೆ. ಬಿಂದು ಮೇಲೇರಿದಷ್ಟೂ ಉಲ್ಕೆ ಜಾಸ್ತಿ. ಹತ್ತು ಗಂಟೆಗೆ ಸಿಗುವುದು ಎರಡು ಗಂಟೆಗೆ ಸಿಗುವುದರ ಅರ್ಧದಷ್ಟು ಮಾತ್ರ. ಊಟ ಮುಗಿಸಿ ಎಂಟಕ್ಕೆ ತಾರಸಿ ಹತ್ತಿ ಒಂಬತ್ತಕ್ಕೆ ಇಳಿದರೆ ಕಾಣದಿರುವುದೇ ಸಹಜ. ಆ ಹೊತ್ತಿನಲ್ಲಿ ಬರುವುದು ಅಪರೂಪ. ಬಂದರೆ ಮಾತ್ರ ಆಕಾಶದ ಉದ್ದಕ್ಕೂ ಸಾಗುವ ಉದ್ದನೆಯ ಗೆರೆ.

ಆಗಸ್ಟ್ 12–13ರ ಪರ್ಸೀಡ್‌ನ ಬಿಂದು ನಮ್ಮಲ್ಲಿ ರಾತ್ರಿ ಪೌಣೇ ಹನ್ನೊಂದಕ್ಕೆ ಹುಟ್ಟುತ್ತದೆ. ಬೆಳಗಾಗುವವರೆಗೂ 44 ಡಿಗ್ರಿ ದಾಟುವುದಿಲ್ಲ. ಜೊತೆಗೆ ಅದು ಮಳೆಗಾಲ. ಯುರೋಪಿನವರು ಹೊಗಳುವ ಪರ್ಸೀಡ್ ನಮಗೆ ಸಿಗದಿದ್ದರೆ ಬೇಸರ ಬೇಡ. ಮೇ 5–6ರ ಈಟಾ ಅಕ್ವೇರಿಡ್‌ಗೆ ಬೆಳಗಿನ ಜಾವ ಎರಡರ ನಂತರವೇ ಏಳಬೇಕು. ಮೂರೂವರೆಯಿಂದ ಪೌಣೇ ಐದು ಅದರ ಒಳ್ಳೆಯ ಹೊತ್ತು.

ಆಮೇಲೆ ಚಂದ್ರ. ಇದಕ್ಕೆ ಯಾವ ಆ್ಯಪೂ ಬೇಡ, ಅಡುಗೆಮನೆ ಗೋಡೆಯ ಕ್ಯಾಲೆಂಡರಿನಲ್ಲಿ ತಿಥಿ ನೋಡಿದರೆ ಸಾಕು. ಶುಕ್ಲ ಪಕ್ಷದ ಸಪ್ತಮಿಯವರೆಗೆ ಚಂದ್ರ ನಡುರಾತ್ರಿಯೊಳಗೆ ಮುಳುಗುತ್ತಾನೆ. ಕೃಷ್ಣ ಪಕ್ಷದ ಅಷ್ಟಮಿ ದಾಟಿದರೆ ಹುಟ್ಟುವುದೇ ನಡುರಾತ್ರಿ ಕಳೆದ ಮೇಲೆ. ಹುಣ್ಣಿಮೆಯ ಹಿಂದೆ ಮುಂದೆ ನಾಲ್ಕು ದಿನ ಇದ್ದರೆ ಮಂದ ಉಲ್ಕೆಗಳೆಲ್ಲ ಆ ಬೆಳಕಿನಲ್ಲಿ ಕಳೆದುಹೋಗುತ್ತವೆ. 2026ರ ಡಿಸೆಂಬರ್ 14ಕ್ಕೆ ಅಮಾವಾಸ್ಯೆ ಕಳೆದು ಐದಾರು ದಿನ ಆಗಿರುತ್ತದೆ. ರಾತ್ರಿ ಹನ್ನೊಂದರೊಳಗೆ ಚಂದ್ರ ಇರುವುದಿಲ್ಲ. ಒಳ್ಳೆಯ ವರ್ಷ, ಬಿಡಬೇಡಿ. 2027ರ ಡಿಸೆಂಬರ್ 13 ಹುಣ್ಣಿಮೆ.

ಸಮಯವೂ ಸರಿ, ಚಂದ್ರನೂ ಇಲ್ಲ ಅಂದರೆ ಕಣ್ಣಿಗೆ ಬನ್ನಿ. ಕತ್ತಲಿಗೆ ಕಣ್ಣು ಪೂರ್ತಿ ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು. ನಡುವೆ ಒಂದು ಸಲ ವಾಟ್ಸಾಪ್ ತೆರೆದರೂ ಮತ್ತೆ ಮೊದಲಿಂದ ಶುರು. ಟಾರ್ಚಿನ ಬಾಯಿಗೆ ಕೆಂಪು ಗ್ಲಾಸ್ ಪೇಪರ್ ಎರಡು ಮೂರು ಪದರ ಕಟ್ಟಿಕೊಳ್ಳಿ. ಚಾಪೆ ಹಾಸಿ ಮಲಗಿ, ಆದಷ್ಟು ಹೆಚ್ಚು ಆಕಾಶ ಕಾಣುವಂತೆ ನೋಡಿ. ಬೈನಾಕ್ಯುಲರ್ ಬೇಡ, ಅದರಲ್ಲಿ ಕಾಣುವ ಜಾಗ ತೀರಾ ಕಿರಿದು.

ಈಗ ಆಕಾಶವನ್ನೇ ಪರೀಕ್ಷೆ ಮಾಡೋಣ. ಡಿಸೆಂಬರ್ ಮಧ್ಯದಲ್ಲಿ ರಾತ್ರಿ ಹತ್ತೂವರೆ ಸುಮಾರಿಗೆ ಕೃತ್ತಿಕೆ ನೆತ್ತಿಯ ಹತ್ತಿರ ಇರುತ್ತದೆ. ಕೆಂಪಗೆ ಹೊಳೆಯುವ ರೋಹಿಣಿಯಿಂದ ಸ್ವಲ್ಪ ಪಶ್ಚಿಮಕ್ಕೆ ಹುಡುಕಿ. ಚಿಕ್ಕ ಗೊಂಚಲು ಸಿಗುತ್ತದೆ. ಅದರಲ್ಲಿ ಬಿಡಿಬಿಡಿಯಾಗಿ ಆರು ನಕ್ಷತ್ರ ಎಣಿಸಲು ಸಿಕ್ಕರೆ ಅಲ್ಲೇ ಉಳಿಯಿರಿ. ನಾಲ್ಕು ಸಿಕ್ಕರೆ ಸುಮಾರು. ಬರೀ ಮಸುಕು ಮಚ್ಚೆ ಕಂಡರೆ ಆ ಜಾಗದಲ್ಲಿ ಎಷ್ಟು ಹೊತ್ತು ಕೂತರೂ ಅಷ್ಟೇ. ಜೊತೆಯಲ್ಲಿರುವವರೆಲ್ಲ ಆರು ಎಣಿಸಿ ನಿಮಗೊಬ್ಬರಿಗೇ ಮಸುಕು ಕಂಡರೆ ಅದು ಆಕಾಶದ ತೊಂದರೆಯಲ್ಲ. ಕನ್ನಡಕದ ನಂಬರ್ ಬದಲಾಗಿರಬಹುದು, ಪೊರೆ ಶುರುವಾಗಿರಬಹುದು, ಇರುಳುಗುರುಡು ಇರಬಹುದು. ಸಕ್ಕರೆ ಕಾಯಿಲೆ ಇರುವವರಂತೂ ತಡಮಾಡದೆ ಕಣ್ಣಿನ ಡಾಕ್ಟರಿಗೆ ತೋರಿಸಿ.

ಆ 150ರ ಲೆಕ್ಕವನ್ನೂ ತಿಳಿದುಕೊಂಡಿರಬೇಕು. ಬಿಂದು ನೆತ್ತಿಯ ಮೇಲಿದೆ, ಬರಿಗಣ್ಣಿಗೆ 6.5ನೇ ಕಾಂತಿಮಾನದ (ಈ ಸಂಖ್ಯೆ ಹೆಚ್ಚಾದಷ್ಟೂ ನಕ್ಷತ್ರ ಮಂದ) ನಕ್ಷತ್ರವೂ ಕಾಣುತ್ತಿದೆ ಎಂದು ಇಟ್ಟುಕೊಂಡು ಹೇಳುವ ಸಂಖ್ಯೆ ಅದು. ಆಕಾಶ ಒಂದು ಕಾಂತಿಮಾನದಷ್ಟು ಮಂಕಾದರೆ ಕಾಣುವ ಜೆಮಿನಿಡ್‌ಗಳ ಸಂಖ್ಯೆ ಎರಡೂವರೆ ಪಟ್ಟು ಇಳಿಯುತ್ತದೆ. ನಾಲ್ಕನೇ ಕಾಂತಿಮಾನದವರೆಗೆ ಮಾತ್ರ ಕಾಣುವ ನಗರದ ತಾರಸಿಯಿಂದ, ಬಿಂದು ಅರ್ಧ ಎತ್ತರದಲ್ಲಿರುವಾಗ, ಗಂಟೆಗೆ ಹತ್ತರ ಸುಮಾರು ಬರುತ್ತದೆ. ಅದೇ ಒಳ್ಳೆಯ ಹಳ್ಳಿಯ ಆಕಾಶದಲ್ಲಿ, ನಡುರಾತ್ರಿ ದಾಟಿದ ಮೇಲೆ, ಐವತ್ತರ ಸುಮಾರು. ಸರಸ್ವತಿಪುರಂ ತಾರಸಿಯಲ್ಲಿ ಗಂಟೆಗೆ ಎಂಟು ಕಂಡಿದ್ದರೆ ನೀವು ಚೆನ್ನಾಗಿಯೇ ನೋಡಿದ್ದೀರಿ.

## "ಊರಾಚೆ ಬಂದರೂ ಆಕಾಶ ಮಂಕಾಗಿದೆ"

ಟಾರ್ಚನ್ನು ಒಂದು ಕ್ಷಣ ಮೇಲಕ್ಕೆ ಹಿಡಿಯಿರಿ. ಬೆಳಕು ಹೋಗುವ ದಾರಿ ಗಾಳಿಯಲ್ಲಿ ಎದ್ದು ಕಂಡರೆ ಅಲ್ಲಿ ಮಂಜೋ ಹೊಗೆಯೋ ಇದೆ. ಮಂಡ್ಯ ಸೀಮೆಯಲ್ಲಿ ಡಿಸೆಂಬರ್ ಅಂದರೆ ಕಬ್ಬು ಕಡಿಯುವ ಕಾಲ, ಆಲೆಮನೆಗಳ ಒಲೆ ಉರಿಯುವ ಕಾಲ, ಗದ್ದೆಯಲ್ಲಿ ತರಗು ಸುಡುವ ಕಾಲ. ಗಾಳಿ ಇಲ್ಲದ ರಾತ್ರಿ ಆ ಹೊಗೆ ತಗ್ಗಿನಲ್ಲೇ ನಿಂತುಬಿಡುತ್ತದೆ. ಹೊಗೆ ಯಾವ ಕಡೆಗೆ ಹೋಗುತ್ತಿದೆ ನೋಡಿ, ಅದರ ಎದುರು ದಿಕ್ಕಿಗೆ ಎರಡು ಮೂರು ಕಿಲೋಮೀಟರ್ ಸರಿಯಿರಿ. ವಾಸನೆ ಇಲ್ಲದ ಮಂಜಾದರೆ ಕಾರಣ ನೀರು. ನಾಲೆ, ಭತ್ತದ ಗದ್ದೆ, ಕೆರೆ ಇರುವ ಕಡೆ ಮೂರು ಗಂಟೆ ದಾಟುತ್ತಿದ್ದಂತೆ ಬಿಳಿ ಪದರ ಏಳುತ್ತದೆ. ಅಲ್ಲಿಂದ ಸ್ವಲ್ಪ ಎತ್ತರದ ಬಯಲು ನೆಲಕ್ಕೆ ಹೋದರೆ ಆಕಾಶ ತೆರೆದುಕೊಳ್ಳುವುದುಂಟು.

ಟಾರ್ಚಿನ ಬೆಳಕು ಕಾಣದೆಯೂ ಆಕಾಶ ಮಂಕಾಗಿದ್ದರೆ ಊರಿನ ಬೆಳಕಿನ ಕಡೆಗೆ ಮುಖ ಮಾಡಿದ್ದೀರಿ. ಇದು ದಿಕ್ಕಿನ ತೊಂದರೆ, ಜನ ಇದನ್ನು ಅಷ್ಟಾಗಿ ಯೋಚಿಸುವುದಿಲ್ಲ. ಎಚ್.ಡಿ. ಕೋಟೆ ಕಡೆಯಿಂದ ನೋಡಿದರೆ ಮೈಸೂರಿನ ಬೆಳಕು ಈಶಾನ್ಯಕ್ಕೆ. ನಂಜನಗೂಡು ದಾಟಿ ನಿಂತರೆ ಉತ್ತರಕ್ಕೆ. ಅಂದರೆ ಮಿಥುನ ಹುಟ್ಟಿ ಮೇಲೇರುವ ಕಡೆಯೇ ಆ ಬೆಳಕು ಇರುತ್ತದೆ. ನಡುರಾತ್ರಿ ಕಳೆದು ಬಿಂದು ನೆತ್ತಿಗೆ ಬಂದ ಮೇಲೆ ಪರವಾಗಿಲ್ಲ, ಅದಕ್ಕೆ ಮೊದಲು ಕಷ್ಟ. ನನ್ನ ಮಟ್ಟಿಗೆ ಜೆಮಿನಿಡ್‌ಗೆ ಮೈಸೂರಿನ ಉತ್ತರವೇ ಸರಿ. ಮೇಲುಕೋಟೆಯ ಸುತ್ತಿನ ಹಳ್ಳಿಗಳಿಂದ ಮೈಸೂರಿನ ಬೆಳಕು ದಕ್ಷಿಣಕ್ಕೆ, ಮಂಡ್ಯದ್ದು ಆಗ್ನೇಯಕ್ಕೆ ಬೀಳುತ್ತದೆ. ಉತ್ತರ ಮತ್ತು ಈಶಾನ್ಯ ಕತ್ತಲಾಗಿಯೇ ಉಳಿಯುತ್ತವೆ. ನಾಗಮಂಗಲ ಕಡೆಯೂ ಹಾಗೇ.

ಕನ್ನಂಬಾಡಿಯನ್ನು ಬಿಟ್ಟುಬಿಡಿ. ಬೃಂದಾವನದ ದೀಪಗಳು ಒಂದು ಕಡೆ, ಅಣೆಕಟ್ಟಿನ ಭದ್ರತೆ ಇನ್ನೊಂದು ಕಡೆ. ರಾತ್ರಿ ಟ್ರೈಪಾಡ್ ಹಿಡಿದು ನಿಲ್ಲುವ ಜಾಗ ಅದಲ್ಲ.

## "ಜಾಗವೇನೋ ಕತ್ತಲಿದೆ, ಆದರೆ ಯಾಕೋ ಸರಿ ಅನ್ನಿಸುತ್ತಿಲ್ಲ"

ಹಾಗೆ ಅನ್ನಿಸಿದರೆ ನಂಬಿ, ಹೊರಡಿ. ಉಲ್ಕೆ ಮುಂದಿನ ವರ್ಷವೂ ಬರುತ್ತದೆ.

ಚಿರತೆಯ ವಿಷಯ ಮೊದಲು. ಕಬ್ಬಿನ ಗದ್ದೆಗಳಲ್ಲಿ ಚಿರತೆ ಅಡಗುವುದು ಇಲ್ಲಿನವರಿಗೆ ಗೊತ್ತಿರುವುದೇ. 2022ರ ಕೊನೆ, 2023ರ ಆರಂಭದ ಆ ತಿಂಗಳುಗಳಲ್ಲಿ ತಿ. ನರಸೀಪುರ ತಾಲ್ಲೂಕಿನಲ್ಲಿ ಚಿರತೆ ದಾಳಿಗೆ ಜನ ಬಲಿಯಾದರು. ಕಬ್ಬಿನ ಬದುವಿನಲ್ಲಿ ಚಾಪೆ ಹಾಸಿ ಮಲಗಬೇಡಿ. ಚಾಮುಂಡಿ ಬೆಟ್ಟದ ತಪ್ಪಲು, ಮೇಲುಕೋಟೆಯ ಬಂಡೆಗಳ ನಡುವೆ, ಕುಂತಿಬೆಟ್ಟ, ಇಲ್ಲೆಲ್ಲ ರಾತ್ರಿ ಹೊತ್ತು ಬಯಲಲ್ಲಿ ಮಲಗುವುದು ಬೇಡವೇ ಬೇಡ. ಎಚ್.ಡಿ. ಕೋಟೆ, ಸರಗೂರು ಕಡೆ ಕಾಡಂಚಿನಲ್ಲಿ ಆನೆ ಇರುತ್ತದೆ, ಕಾಡಿನೊಳಗೆ ರಾತ್ರಿ ಹೋಗಲು ಅನುಮತಿಯೂ ಇಲ್ಲ. ಎಲ್ಲಕ್ಕಿಂತ ಒಳ್ಳೆಯ ಜಾಗ ಹಳ್ಳಿಯಲ್ಲಿರುವ ನೆಂಟರ ಮನೆಯ ತಾರಸಿ. ಬೀದಿದೀಪ ಅಡ್ಡ ಬಂದರೆ ನೀರಿನ ಟ್ಯಾಂಕಿನ ನೆರಳಿನಲ್ಲಿ ಕೂರಿ. "ಚಿಕ್ಕಪ್ಪ, ಇವತ್ತು ರಾತ್ರಿ ಮಹಡಿ ಮೇಲೆ ಇರ್ತೀವಿ, ಗಾಬರಿ ಆಗ್ಬೇಡಿ" ಎಂದು ಮೊದಲೇ ಹೇಳಿಡಿ. ಕಳ್ಳರೆಂದು ಊರವರು ಎದ್ದು ಬಂದರೆ ಅವರ ತಪ್ಪಲ್ಲ.

ತಂತಿ. ಕಾಡುಹಂದಿ ತಡೆಯಲು ಕೆಲವು ಕಡೆ ಗದ್ದೆಯ ಸುತ್ತ ನೇರವಾಗಿ ಕರೆಂಟು ಕೊಟ್ಟಿರುತ್ತಾರೆ. ಅದು ಕಾನೂನುಬಾಹಿರ, ಆದರೂ ಇದೆ, ಅದರಿಂದ ಜನ ಸತ್ತಿದ್ದಾರೆ. ಕತ್ತಲಲ್ಲಿ ಯಾವ ಬೇಲಿಯನ್ನೂ ಮುಟ್ಟಬೇಡಿ, ದಾಟಬೇಡಿ. ಕಬ್ಬಿಣದ ಟ್ರೈಪಾಡ್ ಹೆಗಲ ಮೇಲಿದ್ದರೆ ಇನ್ನೂ ಎಚ್ಚರ.

ನಾಲೆ. 2018ರ ನವೆಂಬರ್‌ನಲ್ಲಿ ಪಾಂಡವಪುರ ತಾಲ್ಲೂಕಿನ ಕನಗನಮರಡಿ ಹತ್ತಿರ ಹಾಡಹಗಲೇ ಬಸ್ಸು ವಿ.ಸಿ. ನಾಲೆಗೆ ಬಿದ್ದು 30 ಜನ ಹೋದರು. ರಾತ್ರಿ ಎರಡು ಗಂಟೆಗೆ, ಮಂಜಿನಲ್ಲಿ, ನಿದ್ದೆಗಣ್ಣಿನಲ್ಲಿ ನಾಲೆ ಏರಿಯ ಮೇಲೆ ಗಾಡಿ ಓಡಿಸುವುದು ಬೇಡ. ಬೈಕಿನವರು ಇನ್ನೊಂದು ನೆನಪಿಡಿ. 2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ದಾರಿಯಲ್ಲಿ ದ್ವಿಚಕ್ರ ವಾಹನಕ್ಕೆ ಪ್ರವೇಶವಿಲ್ಲ, ಸರ್ವಿಸ್ ರಸ್ತೆಯಲ್ಲೇ ಬರಬೇಕು. ಕಾರಿನವರೂ ಎಕ್ಸ್‌ಪ್ರೆಸ್‌ವೇ ಅಂಚಿನಲ್ಲಿ ನಿಲ್ಲಿಸಿಕೊಂಡು ಆಕಾಶ ನೋಡಬೇಡಿ. ನಿದ್ದೆ ಬಂದರೆ ಉಲ್ಕೆ ನೋಡಲು ಹೋದ ಮನೆಯಲ್ಲೇ ಬೆಳಗಾಗುವವರೆಗೆ ಮಲಗಿ, ಆಮೇಲೆ ಹೊರಡಿ.

ಹಾವು. ನಡೆಯುವಾಗ ಬಿಳಿ ಟಾರ್ಚೇ ಹಾಕಿಕೊಳ್ಳಿ. ಕತ್ತಲಿಗೆ ಹೊಂದಿಕೊಂಡ ಕಣ್ಣು ಹೋದರೆ ಹೋಗಲಿ, ಕೂತ ಮೇಲೆ ಮತ್ತೆ ಬರುತ್ತದೆ. ಕೊಳಕುಮಂಡಲ ಒಣಗಿದ ತರಗಿನಲ್ಲಿ ಗೊತ್ತೇ ಆಗುವುದಿಲ್ಲ. ಕಾಲಿಗೆ ಶೂ ಇರಲಿ. ಕಚ್ಚಿದರೆ ಕಟ್ಟಬೇಡಿ, ಕೊಯ್ಯಬೇಡಿ, ನಾಟಿ ಔಷಧಿಗೆ ಓಡಬೇಡಿ. ಕಚ್ಚಿಸಿಕೊಂಡವರನ್ನು ಅಲುಗಾಡಿಸದೆ 108ಕ್ಕೆ ಕರೆ ಮಾಡಿ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಸೇರಿಸಿ.

## "ಏನೋ ಕಂಡಿತು, ಉಲ್ಕೆನಾ ಸ್ಯಾಟಲೈಟಾ?"

ಎಷ್ಟು ಹೊತ್ತು ಕಂಡಿತು ಎನ್ನುವುದೇ ಉತ್ತರ. ಉಲ್ಕೆ ಹೆಚ್ಚೆಂದರೆ ಒಂದೆರಡು ಸೆಕೆಂಡು. ನಿಮಿಷಗಟ್ಟಲೆ ಒಂದೇ ಸಮ ಸಾಗಿದರೆ ಉಪಗ್ರಹ. ಮಿಣುಕುತ್ತಾ ಕೆಂಪು, ಹಸಿರು ದೀಪ ತೋರಿದರೆ ವಿಮಾನ. ಸಾಲಾಗಿ ಒಂದರ ಹಿಂದೆ ಒಂದು ಚುಕ್ಕಿ ಹೋದರೆ ಹೊಸದಾಗಿ ಹಾರಿಸಿದ ಸ್ಟಾರ್‌ಲಿಂಕ್ ಉಪಗ್ರಹಗಳ ಗುಂಪು.

ಫೋಟೋದಲ್ಲಿ ಗೆರೆ ಸಿಕ್ಕಿದೆಯೇ? ಅದರ ಹಿಂದಿನ ಮತ್ತು ಮುಂದಿನ ಚಿತ್ರ ತೆರೆದು ನೋಡಿ. ಅಲ್ಲೂ ಅದೇ ಸಾಲಿನಲ್ಲಿ ಗೆರೆ ಮುಂದುವರಿದಿದ್ದರೆ ಉಪಗ್ರಹ. ಚುಕ್ಕಿ ಚುಕ್ಕಿಯಾಗಿದ್ದರೆ ವಿಮಾನ. ಒಂದೇ ಚಿತ್ರದಲ್ಲಿದ್ದು, ಎರಡೂ ತುದಿ ಸಣ್ಣಗಾಗಿ ನಡುವೆ ದಪ್ಪವಾಗಿದ್ದರೆ ಉಲ್ಕೆ ಎನ್ನಬಹುದು. ಆ ಗೆರೆಯನ್ನು ಹಿಂದಕ್ಕೆ ಎಳೆದು ನೋಡಿ. ಕ್ಯಾಸ್ಟರ್ ಹತ್ತಿರಕ್ಕೆ ಹೋದರೆ ಜೆಮಿನಿಡ್. ಬೇರೆಲ್ಲಿಗೋ ಹೋದರೆ ಆ ರಾತ್ರಿ ತಾನಾಗಿ ಬಂದ ಬಿಡಿ ಉಲ್ಕೆ. ಅದೂ ಉಲ್ಕೆಯೇ, ಅಳಿಸಬೇಡಿ.

ನೆಲದ ಮೇಲೆ ನೆರಳು ಬೀಳುವಷ್ಟು ಬೆಳಕಾಗಿ ದೊಡ್ಡ ಉಲ್ಕೆ ಬಂದರೆ ತಕ್ಷಣ ಸಮಯ ಬರೆದುಕೊಳ್ಳಿ. ಎಲ್ಲಿ ಶುರುವಾಗಿ ಎಲ್ಲಿ ಮುಗಿಯಿತು ಎನ್ನುವುದನ್ನು ಕೈಯಿಂದ ಅಳೆಯಿರಿ. ತೋಳು ಪೂರ್ತಿ ಚಾಚಿ ಹಿಡಿದ ಮುಷ್ಟಿ ಸುಮಾರು 10 ಡಿಗ್ರಿ. ನಾಲ್ಕೈದು ನಿಮಿಷ ಕಿವಿಗೊಡಿ, ಗುಡುಗು ತಡವಾಗಿ ಬರುವುದುಂಟು. ಇಂಟರ್‌ನ್ಯಾಷನಲ್ ಮೀಟಿಯರ್ ಆರ್ಗನೈಸೇಶನ್ ಇಂಥ ವರದಿಗಳನ್ನು ಜನರಿಂದಲೇ ಪಡೆಯುತ್ತದೆ.

## "ಕಣ್ಣಿಗೆ ಎಷ್ಟೋ ಕಂಡವು, ಫೋಟೋದಲ್ಲಿ ಒಂದೂ ಇಲ್ಲ"

ಅತಿ ಹೆಚ್ಚು ಬರುವ ದೂರು ಇದು. ಜನ ಇಲ್ಲೇ ದುಡ್ಡು ಸುರಿಯಲು ಹೊರಡುತ್ತಾರೆ. ಹಾಗಾಗಿ ನಿಧಾನವಾಗಿ ನೋಡೋಣ.

ಮೊದಲ ತಪಾಸಣೆ ಮನೆಯಲ್ಲೇ ಆಗುತ್ತದೆ. ಚಿತ್ರಗಳನ್ನು ಫೋನಿನಲ್ಲಿ ಅಥವಾ ಕ್ಯಾಮೆರಾದ ಹಿಂದಿನ ಪರದೆಯಲ್ಲಿ ನೋಡಿ "ಇಲ್ಲ" ಎಂದು ತೀರ್ಮಾನಿಸಬೇಡಿ. ಕಂಪ್ಯೂಟರಿನಲ್ಲಿ ಪೂರ್ತಿ ಗಾತ್ರಕ್ಕೆ ಹಿಗ್ಗಿಸಿ, ನಾಲ್ಕು ಮೂಲೆಯನ್ನೂ ನೋಡಿ. ಕೂದಲಿನಷ್ಟು ತೆಳುವಾದ, ಒಂದು ತುದಿ ಹಸಿರಾಗಿ ಇರುವ ಗೆರೆಗಳು ಹೀಗೇ ಸಿಗುತ್ತವೆ.

ಆಮೇಲೆ ಸೆಟ್ಟಿಂಗ್ ನೋಡಿ. ಶಟರ್ ಜಾಸ್ತಿ ಹೊತ್ತು ತೆರೆದಿಟ್ಟರೆ ಉಲ್ಕೆ ಚೆನ್ನಾಗಿ ಬರುತ್ತದೆ ಎಂದು ತುಂಬಾ ಜನ ನಂಬಿದ್ದಾರೆ. ಅದು ಹಾಗಲ್ಲ. ಜೆಮಿನಿಡ್ ಸೆಕೆಂಡಿಗೆ 35 ಕಿಲೋಮೀಟರ್ ವೇಗದಲ್ಲಿ ಬರುತ್ತದೆ. ಅರ್ಧ ಸೆಕೆಂಡಿನಲ್ಲಿ ಅದರ ಬಿಂಬ ಸೆನ್ಸರಿನ ನೂರಾರು ಪಿಕ್ಸೆಲ್ ದಾಟಿ ಹೋಗುತ್ತದೆ. ಒಂದೊಂದು ಪಿಕ್ಸೆಲಿಗೂ ಬೀಳುವ ಬೆಳಕು ಕ್ಷಣದ ಚೂರು. ನೀವು 10 ಸೆಕೆಂಡು ತೆರೆದರೂ 30 ಸೆಕೆಂಡು ತೆರೆದರೂ ಉಲ್ಕೆಗೆ ಸಿಗುವುದು ಅಷ್ಟೇ. ಬೆಳಗುತ್ತಾ ಹೋಗುವುದು ಹಿಂದಿನ ಆಕಾಶ ಮಾತ್ರ. ಉಲ್ಕೆಯ ಗೆರೆಯನ್ನು ನಿರ್ಧರಿಸುವುದು ಅಪರ್ಚರ್ (ಬೆಳಕು ಒಳಬರುವ ಲೆನ್ಸಿನ ಕಿಂಡಿ) ಮತ್ತು ಐಎಸ್‌ಒ (ಕ್ಯಾಮೆರಾ ಬೆಳಕಿಗೆ ಎಷ್ಟು ಸ್ಪಂದಿಸಬೇಕು ಎನ್ನುವ ಅಳತೆ). ಕ್ಯಾಮೆರಾ ಜೊತೆಗೇ ಬರುವ ಕಿಟ್ ಲೆನ್ಸಾದರೆ ಎಫ್ 3.5ಕ್ಕೆ ಪೂರ್ತಿ ತೆರೆಯಿರಿ. ಐಎಸ್‌ಒ 1600ರಿಂದ ಶುರುಮಾಡಿ, ಆಕಾಶ ಬೆಳ್ಳಗಾಗದಿದ್ದರೆ 3200ಕ್ಕೆ ಏರಿಸಿ. 800ರಲ್ಲಿ ಇಟ್ಟಿದ್ದರೆ ಗೆರೆ ಬರದಿದ್ದುದಕ್ಕೆ ಅದೇ ಕಾರಣ ಇರಬಹುದು.

ಬೇರೆ ಉಲ್ಕಾಪಾತಗಳಲ್ಲಿ ಓರಿಯಾನಿಡ್ ಸೆಕೆಂಡಿಗೆ 66 ಕಿಲೋಮೀಟರ್, ಲಿಯೊನಿಡ್ 71. ವೇಗ ಹೆಚ್ಚಾದಷ್ಟೂ ಗೆರೆ ತೆಳು. ಮೊದಲ ಸಲ ಕ್ಯಾಮೆರಾ ಹಿಡಿಯುವವರಿಗೆ ಜೆಮಿನಿಡ್ಡೇ ಒಳ್ಳೆಯದು ಅನ್ನುವುದಕ್ಕೆ ಇದೂ ಒಂದು ಕಾರಣ.

ಮೂರನೆಯದು ದಿಕ್ಕು. ಕ್ಯಾಸ್ಟರನ್ನೇ ಚಿತ್ರದ ನಡುವೆ ಇಟ್ಟಿದ್ದರೆ ಗೆರೆಗಳು ತುಂಡು ತುಂಡಾಗಿ, ಚುಕ್ಕಿಯ ಹಾಗೆ ಬರುತ್ತವೆ. ನಕ್ಷತ್ರ ಯಾವುದು, ಉಲ್ಕೆ ಯಾವುದು ಗೊತ್ತಾಗುವುದಿಲ್ಲ. ಅಲ್ಲಿಂದ 40–60 ಡಿಗ್ರಿ ಪಕ್ಕಕ್ಕೆ ತಿರುಗಿಸಿ, ಊರಿನ ಬೆಳಕಿಗೆ ಬೆನ್ನು ಮಾಡಿ. ಮಹಾವ್ಯಾಧನ (ಓರಿಯನ್) ಕಡೆ ಇಟ್ಟರೆ ಚಿತ್ರವೂ ಚೆನ್ನಾಗಿರುತ್ತದೆ.

ನಾಲ್ಕನೆಯದು ತಪಾಸಣೆಯಲ್ಲ, ಲೆಕ್ಕ. 18 ಮಿ.ಮೀ. ಕಿಟ್ ಲೆನ್ಸು ಸಾಮಾನ್ಯ ಕ್ರಾಪ್ ಸೆನ್ಸರ್ (ಫುಲ್ ಫ್ರೇಮ್‌ಗಿಂತ ಚಿಕ್ಕ ಸೆನ್ಸರ್) ಕ್ಯಾಮೆರಾದಲ್ಲಿ ನೋಡುವುದು ನಮ್ಮ ಮೇಲಿರುವ ಆಕಾಶದ ಸುಮಾರು ಏಳನೇ ಒಂದು ಭಾಗ. ಅದರಲ್ಲೂ ಅದಕ್ಕೆ ದಕ್ಕುವುದು ಹೊಳೆಯುವ ಉಲ್ಕೆ ಮಾತ್ರ. ನೀವು ಐವತ್ತು ನೋಡಿದ ಗಂಟೆಯಲ್ಲಿ ಕ್ಯಾಮೆರಾಗೆ ಒಂದೋ ಎರಡೋ ಬಿದ್ದರೆ ಕ್ಯಾಮೆರಾ ಸರಿಯಾಗಿಯೇ ಕೆಲಸ ಮಾಡುತ್ತಿದೆ. ಒಂದು ಗಂಟೆ ಇಟ್ಟು ತೆಗೆಯಬೇಡಿ. ನಡುರಾತ್ರಿಯಿಂದ ನಾಲ್ಕು ಗಂಟೆಯವರೆಗೆ ಬಿಡದೆ ಓಡಲಿ.

ಇಷ್ಟೆಲ್ಲ ಸರಿಯಿದ್ದೂ ಸಾಲದು ಅನ್ನಿಸಿದರೆ ಆಗ ಲೆನ್ಸ್ ಯೋಚಿಸಿ, ಅದೂ ಮೊದಲು ಒಂದು ರಾತ್ರಿಗೆ ಬಾಡಿಗೆಗೆ ತನ್ನಿ. ಎಫ್ 2.8ರ ಅಗಲ ಲೆನ್ಸ್ ಇದ್ದರೆ ಒಳ್ಳೆಯದೇ. ಅಷ್ಟು ದುಡ್ಡಿಲ್ಲದಿದ್ದರೆ ಎಷ್ಟೋ ಜನರ ಮನೆಯಲ್ಲಿ ಬಿದ್ದಿರುವ 50 ಮಿ.ಮೀ. ಎಫ್ 1.8 ಸಾಕು. ಅದು ನೋಡುವ ಆಕಾಶದ ತುಂಡು ಚಿಕ್ಕದು, ಆದರೆ ಕಿಟ್ ಲೆನ್ಸಿಗೆ ದಕ್ಕದ ಮಂದ ಉಲ್ಕೆಗಳೂ ಅದರಲ್ಲಿ ಬೀಳುತ್ತವೆ.

## "ನಕ್ಷತ್ರಗಳೇ ಮಸುಕಾಗಿವೆ"

ಮಸುಕಿನಲ್ಲಿ ನಾಲ್ಕು ಥರ ಇವೆ, ನಾಲ್ಕಕ್ಕೂ ಪರಿಹಾರ ಬೇರೆ. ಯಾವುದು ಎಂದು ತಿಳಿಯಲು ಮೊದಲ ಚಿತ್ರದಿಂದ ಕೊನೆಯದರವರೆಗೆ ಸರಸರನೆ ಓಡಿಸಿ ನೋಡಿ.

ಮೊದಲ ಚಿತ್ರದಿಂದಲೇ ನಕ್ಷತ್ರಗಳು ದುಂಡು ಬಿಲ್ಲೆಯಾಗಿದ್ದರೆ ಫೋಕಸ್ ತಪ್ಪಿದೆ. ಕತ್ತಲಲ್ಲಿ ಆಟೋ ಫೋಕಸ್ ಕೆಲಸ ಮಾಡುವುದಿಲ್ಲ. ಲೆನ್ಸ್ ಮೇಲಿನ ಅನಂತದ ಗುರುತನ್ನೂ ನಂಬಬೇಡಿ, ಎಷ್ಟೋ ಲೆನ್ಸುಗಳಲ್ಲಿ ನಿಜವಾದ ಜಾಗ ಅದಕ್ಕಿಂತ ಸ್ವಲ್ಪ ಹಿಂದಿರುತ್ತದೆ. ಮ್ಯಾನುಯಲ್‌ಗೆ ಹಾಕಿ. ಲೈವ್ ವ್ಯೂನಲ್ಲಿ ಲುಬ್ಧಕವನ್ನು 10 ಪಟ್ಟು ಹಿಗ್ಗಿಸಿ. ರಿಂಗನ್ನು ಕೂದಲೆಳೆಯಷ್ಟು ತಿರುಗಿಸುತ್ತಾ ಹೋದರೆ ನಕ್ಷತ್ರ ಚಿಕ್ಕದಾಗುತ್ತಾ ಬರುತ್ತದೆ, ಒಂದು ಕಡೆ ತೀರಾ ಚಿಕ್ಕದಾಗಿ ಮತ್ತೆ ಹಿಗ್ಗತೊಡಗುತ್ತದೆ. ಹಿಂದಕ್ಕೆ ಬಂದು ಆ ತೀರಾ ಚಿಕ್ಕ ಜಾಗದಲ್ಲಿ ನಿಲ್ಲಿಸಿ. ಪಕ್ಕದ ಮಂದ ನಕ್ಷತ್ರಗಳೂ ಪರದೆಯಲ್ಲಿ ಮೂಡಿದರೆ ಸರಿಯಾಗಿದೆ. ಅಲ್ಲೇ ಟೇಪ್ ಅಂಟಿಸಿ. ಜೂಮ್ ರಿಂಗಿಗೂ ಅಂಟಿಸಿ, ಯಾಕೆಂದರೆ ಜೂಮ್ ಅಲುಗಾಡಿದರೆ ಫೋಕಸ್ಸೂ ಹೋಗುತ್ತದೆ.

ಚೆನ್ನಾಗಿದ್ದ ಚಿತ್ರಗಳು ಒಂದೇ ಏಟಿಗೆ ಹಾಳಾದರೆ ಯಾರೋ ರಿಂಗ್ ಮುಟ್ಟಿದ್ದಾರೆ, ಇಲ್ಲವೇ ಟ್ರೈಪಾಡಿಗೆ ಕಾಲು ತಾಗಿದೆ.

ನಿಧಾನವಾಗಿ, ಚಿತ್ರದಿಂದ ಚಿತ್ರಕ್ಕೆ ನಕ್ಷತ್ರದ ಸುತ್ತ ಮಬ್ಬು ಬೆಳೆದು ಕೊನೆಗೆ ಎಲ್ಲ ಕರಗಿಹೋದರೆ ಅದು ಇಬ್ಬನಿ. ಮಂಡ್ಯದ ಗದ್ದೆ ಬಯಲಲ್ಲಿ ಇದು ಹೆಚ್ಚು. ಲೆನ್ಸಿನ ಗಾಜಿಗೆ ಟಾರ್ಚನ್ನು ಓರೆಯಾಗಿ ಹಿಡಿದು ನೋಡಿ. ಬೂದು ಬಣ್ಣದ ಪೊರೆ ಕಂಡರೆ ಖಚಿತ. ಹೆಗಲ ಟವೆಲ್ಲಿನಿಂದ ಒರೆಸಬೇಡಿ, ದೂಳಿಗೆ ಗಾಜು ಗೀರುತ್ತದೆ, ಒರೆಸಿದರೂ ಐದೇ ನಿಮಿಷಕ್ಕೆ ಮತ್ತೆ ಕೂರುತ್ತದೆ. ಗಾಜನ್ನು ಗಾಳಿಗಿಂತ ಒಂಚೂರು ಬೆಚ್ಚಗೆ ಇಡಬೇಕು, ಅಷ್ಟೇ. ಲೆನ್ಸ್ ಹುಡ್ ಹಾಕಿ. ಕೈ ಬೆಚ್ಚಗಿಡುವ ಪುಡಿಯ ಪೊಟ್ಟಣವನ್ನು ಕಾಲುಚೀಲದಲ್ಲಿಟ್ಟು ಲೆನ್ಸಿಗೆ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ. ಪವರ್ ಬ್ಯಾಂಕಿನಿಂದ ಓಡುವ ಡ್ಯೂ ಹೀಟರ್ ಪಟ್ಟಿ ಇನ್ನೂ ಒಳ್ಳೆಯದು. ಒದ್ದೆ ನೆಲದ ಮೇಲೆ ಮನೆಯ ಎಕ್ಸ್‌ಟೆನ್ಷನ್ ಬೋರ್ಡ್ ಎಳೆದು ಹೇರ್ ಡ್ರೈಯರ್ ಹಚ್ಚುವುದು ಮಾತ್ರ ಬೇಡ, ಅದು ಜೀವಕ್ಕೇ ಅಪಾಯ.

ನಕ್ಷತ್ರಗಳೆಲ್ಲ ಒಂದೇ ಕಡೆಗೆ ಸಣ್ಣ ಗೆರೆಯಾಗಿದ್ದರೆ ಭೂಮಿ ತಿರುಗಿದ್ದು. 500ನ್ನು ಲೆನ್ಸಿನ ಮಿ.ಮೀ.ನಿಂದ ಭಾಗಿಸಿ, ಕ್ರಾಪ್ ಕ್ಯಾಮೆರಾ ಆದರೆ ಮತ್ತೆ 1.5ರಿಂದ ಭಾಗಿಸಿ. 18 ಮಿ.ಮೀ.ಗೆ ಸುಮಾರು 18 ಸೆಕೆಂಡು ಬರುತ್ತದೆ. ಗೆರೆ ನೇರವಿಲ್ಲದೆ ಅಂಕುಡೊಂಕಾಗಿದ್ದರೆ ಟ್ರೈಪಾಡ್ ನಡುಗಿದೆ. ನಡುವಿನ ಕಂಬ ಇಳಿಸಿ, ಬ್ಯಾಗ್ ನೇತುಹಾಕಿ, ಇಮೇಜ್ ಸ್ಟೆಬಿಲೈಸೇಶನ್ ಆಫ್ ಮಾಡಿ. ಕಬ್ಬಿನ ಲಾರಿ, ಟ್ರಾಕ್ಟರ್ ಓಡಾಡುವ ರಸ್ತೆ ಪಕ್ಕ ಇಟ್ಟಿದ್ದರೆ ಜಾಗವನ್ನೇ ಬದಲಾಯಿಸಿ.

## "ಸರಿಯಾಗಿ ಆ ಉಲ್ಕೆ ಬಂದಾಗಲೇ ಕ್ಯಾಮೆರಾ ಸುಮ್ನಿತ್ತು"

ಚಿತ್ರಗಳ ಸಮಯ ನೋಡಿ. ಒಂದರಿಂದ ಇನ್ನೊಂದಕ್ಕೆ ಎಕ್ಸ್‌ಪೋಶರ್‌ನ (ಶಟರ್ ತೆರೆದಿರುವ ಹೊತ್ತಿನ) ಎರಡರಷ್ಟು ಅಂತರ ಇದ್ದರೆ ಕಾರಣ ಎರಡರಲ್ಲಿ ಒಂದು. ಪ್ರತಿ ಚಿತ್ರದ ನಂತರ ಪರದೆಯಲ್ಲಿ "ಬ್ಯುಸಿ" ಬರುತ್ತಿದ್ದರೆ ಲಾಂಗ್ ಎಕ್ಸ್‌ಪೋಶರ್ ನಾಯ್ಸ್ ರಿಡಕ್ಷನ್ ಆನ್ ಇದೆ. ಕ್ಯಾಮೆರಾ 20 ಸೆಕೆಂಡಿನ ಚಿತ್ರಕ್ಕೆ ಇನ್ನೊಂದು 20 ಸೆಕೆಂಡು ಕಣ್ಣು ಮುಚ್ಚಿ ಕೂರುತ್ತದೆ. ಆಫ್ ಮಾಡಿ. "ಬ್ಯುಸಿ" ಬರದಿದ್ದರೆ ಇಂಟರ್ವಲ್ (ಒಂದು ಚಿತ್ರದ ಶುರುವಿನಿಂದ ಮುಂದಿನದರ ಶುರುವಿನವರೆಗಿನ ಹೊತ್ತು) ನೋಡಿ. 20 ಸೆಕೆಂಡಿನ ಎಕ್ಸ್‌ಪೋಶರ್‌ಗೆ ಇಂಟರ್ವಲ್ಲನ್ನೂ 20 ಎಂದೇ ಇಟ್ಟರೆ ಎಷ್ಟೋ ಕ್ಯಾಮೆರಾ ಒಂದು ಬಿಟ್ಟು ಒಂದನ್ನು ತಪ್ಪಿಸುತ್ತವೆ. 22 ಇಡಿ.

ನಡುವೆ ಪೂರ್ತಿ ನಿಂತುಹೋಗಿದ್ದರೆ ಬ್ಯಾಟರಿ ಅಥವಾ ಕಾರ್ಡು. ಈ ಲೆಕ್ಕದಲ್ಲಿ ಗಂಟೆಗೆ 160ಕ್ಕಿಂತ ಹೆಚ್ಚು ಚಿತ್ರ ಆಗುತ್ತದೆ. ಒಂದು ರಾ ಫೈಲ್ 25 ಎಂಬಿ ಅಂದರೂ ಗಂಟೆಗೆ 4 ಜಿಬಿ. ಖಾಲಿ ಮಾಡಿದ 32 ಜಿಬಿ ಕಾರ್ಡು ಒಂದು ರಾತ್ರಿಗೆ ಸಾಕು.

## "ಚಿತ್ರವೆಲ್ಲ ಬೆಳ್ಳಗೆ, ಇಲ್ಲಾಂದ್ರೆ ಕಿತ್ತಳೆ ಬಣ್ಣ"

ಇದು ಊರಿನ ಬೆಳಕು. ಐಎಸ್‌ಒ ಇಳಿಸುವ ಮೊದಲು ಎಕ್ಸ್‌ಪೋಶರನ್ನು 20ರಿಂದ 10 ಸೆಕೆಂಡಿಗೆ ತನ್ನಿ. ಮೇಲೆ ಹೇಳಿದ ಕಾರಣಕ್ಕೆ ಉಲ್ಕೆಗೆ ನಷ್ಟವಿಲ್ಲ, ಆಕಾಶ ಮಾತ್ರ ಕಪ್ಪಾಗುತ್ತದೆ. ವೈಟ್ ಬ್ಯಾಲೆನ್ಸ್ 4000 ಕೆಲ್ವಿನ್ ಸುಮಾರಿಗೆ ಇಡಿ. ಎಲ್ಲ ಚಿತ್ರದಲ್ಲೂ ಒಂದೇ ಜಾಗದಲ್ಲಿ ಕೆಂಪು, ನೀಲಿ ಚುಕ್ಕಿ ಕಂಡರೆ ಅದು ಹಾಟ್ ಪಿಕ್ಸೆಲ್, ಕೆಟ್ಟಿದ್ದಲ್ಲ.

## "ಫೋನಿನಲ್ಲಿ ಆಗಲ್ವಾ?"

ಆಗುತ್ತದೆ, ದೊಡ್ಡ ಉಲ್ಕೆ ಬಂದರೆ. ಫೋನು ಸ್ಟ್ಯಾಂಡಿನ ಮೇಲೆ ಅಲುಗಾಡದೆ ಇರಬೇಕು. ನೈಟ್ ಮೋಡ್ ಬದಲು ಪ್ರೊ ಮೋಡ್ ಬಳಸಿ. ನೈಟ್ ಮೋಡ್ ಹಲವು ಚಿತ್ರಗಳನ್ನು ಸೇರಿಸುವಾಗ ಒಂದರಲ್ಲಿ ಮಾತ್ರ ಇರುವ ಗೆರೆ ಅಳಿದುಹೋಗಬಹುದು. ಅಗಲದ ಕ್ಯಾಮೆರಾಗಿಂತ ಮುಖ್ಯ ಕ್ಯಾಮೆರಾನೇ ಒಳ್ಳೆಯದು, ಅದರ ಅಪರ್ಚರ್ ದೊಡ್ಡದು. ಫೋಕಸ್ ಅನಂತಕ್ಕೆ, ಐಎಸ್‌ಒ 1600ರಿಂದ 3200, ಶಟರ್ 15ರಿಂದ 30 ಸೆಕೆಂಡು.

## "ಲೆನ್ಸ್ ಒರೆಸಿದರೂ ಮಬ್ಬು ಹೋಗುತ್ತಿಲ್ಲ"

ಇಲ್ಲಿ ನಿಲ್ಲಿಸಿ. ಮಬ್ಬು ಗಾಜಿನ ಒಳಗಿದೆ. ಇಬ್ಬನಿಯ ರಾತ್ರಿ ಮುಗಿದ ಮೇಲೆ ತಣ್ಣಗಿನ ಕ್ಯಾಮೆರಾವನ್ನು ನೇರವಾಗಿ ಬೆಚ್ಚಗಿನ ಕೋಣೆಗೆ ತಂದರೆ ಹೀಗಾಗುತ್ತದೆ. ಬ್ಯಾಟರಿ ತೆಗೆಯಿರಿ. ಲೆನ್ಸನ್ನು ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ಒಂದೆರಡು ದಿನ ಇಡಿ. ಅಕ್ಕಿಯಲ್ಲಿ ಹೂಳಬೇಡಿ, ಅಕ್ಕಿಯ ಪುಡಿ ಸಂದಿಗಳಿಗೆ ಹೋಗಿ ಕೂರುತ್ತದೆ. ಮುಂದಿನ ಸಲ ಹೊಲದಲ್ಲೇ ಕ್ಯಾಮೆರಾವನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಬಾಯಿ ಕಟ್ಟಿ, ಮನೆಗೆ ಬಂದು ಎರಡು ಗಂಟೆ ಬಿಟ್ಟು ತೆರೆಯಿರಿ.

ಎರಡು ದಿನ ಕಳೆದರೂ ಹೋಗದೆ, ಬೆಳಕಿಗೆ ಹಿಡಿದಾಗ ಒಳಗೆ ಕವಲೊಡೆದ ಸಣ್ಣ ಬಿಳಿ ಎಳೆಗಳು ಕಂಡರೆ ಅದು ಫಂಗಸ್. ನೀವೇ ಸ್ಕ್ರೂ ಬಿಚ್ಚಬೇಡಿ, ಒಳಗಿನ ಗಾಜುಗಳ ಜೋಡಣೆ ಒಂದು ಸಲ ತಪ್ಪಿದರೆ ಮತ್ತೆ ಕೂರುವುದಿಲ್ಲ. ಅದನ್ನು ಬೇರೆ ಲೆನ್ಸುಗಳಿಂದ ದೂರ ಇಟ್ಟು ಸರ್ವಿಸ್‌ಗೆ ಕೊಡಿ. ಶಟರ್ ಅರ್ಧಕ್ಕೆ ನಿಂತು "ಎರರ್" ಬಂದರೂ, ಕ್ಯಾಮೆರಾದೊಳಗೆ ನೀರು ಹೋದರೂ ಹಾಗೇ. ನೀರು ಹೋಗಿದ್ದರೆ ಆನ್ ಮಾಡಿ ನೋಡುವ ಆಸೆಯನ್ನು ತಡೆದುಕೊಳ್ಳಿ, ಒದ್ದೆ ಬೋರ್ಡಿಗೆ ಕರೆಂಟು ಹರಿದರೆ ರಿಪೇರಿಯಾಗುವುದೂ ಆಗದೆ ಹೋಗುತ್ತದೆ. ಕೊಡುವ ಮೊದಲು ರಿಪೇರಿಗೆ ಎಷ್ಟಾಗುತ್ತದೆ ಎಂದು ಬರಹದಲ್ಲಿ ಕೇಳಿ. ಕಿಟ್ ಲೆನ್ಸಾದರೆ ಫಂಗಸ್ ತೆಗೆಸುವ ಖರ್ಚಿಗೆ ಸೆಕೆಂಡ್ ಹ್ಯಾಂಡ್ ಲೆನ್ಸೇ ಸಿಗುವುದುಂಟು.